ಲಿನಕ್ಸ್ ಪ್ಯಾಕೇಜ್‌ಗಳಲ್ಲಿ ಬಿಲ್ಡ್ ಮತ್ತು ಇನ್‌ಸ್ಟಾಲ್ ಹಂತಗಳು

ಸೋರ್ಸ್ ಕೋಡ್ ಇಳಿಸಿಕೊಂಡು ತಂತ್ರಾಂಶವನ್ನು ತಮ್ಮ ಗಣಕಕ್ಕೆ ತಾವೇ ಹಾಕಿಕೊಳ್ಳುತ್ತಿದ್ದ ಹಳಬರಿಗೆ ಮೂರು ಆದೇಶಗಳು ಬಾಯಿಪಾಠವಾಗಿದ್ದವು: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಗಣಕದಲ್ಲಿ ಏನಿದೆ, ಏನಿಲ್ಲ ಎಂದು ಮೊದಲನೆಯದು ತಡಕಿ ನೋಡುತ್ತದೆ. ಎರಡನೆಯದು ಕಂಪೈಲ್ ಮಾಡುತ್ತದೆ. ಮೂರನೆಯದು ಸಿದ್ಧವಾದ ಕಡತಗಳನ್ನು ಅವುಗಳ ಜಾಗಕ್ಕೆ ನಕಲಿಸುತ್ತದೆ. ಸ್ವಂತದ ಒಂದು ಗಣಕಕ್ಕೆ ಇಷ್ಟು ಸಾಕು. ಅದೇ ತಂತ್ರಾಂಶವನ್ನು ಡೆಬಿಯನ್, ಫೆಡೋರಾ ಅಥವಾ ಆರ್ಚ್ ಬಳಸುವ ಎಲ್ಲರಿಗೂ ಪ್ಯಾಕೇಜ್ ಮಾಡಿಕೊಡಲು ಹೊರಟ ಕೂಡಲೇ ‘ಇನ್‌ಸ್ಟಾಲ್’ ಎನ್ನುವ ಕೆಲಸ ಎರಡಾಗಿ ಒಡೆಯುತ್ತದೆ. ಪ್ಯಾಕೇಜ್ ತಯಾರಿಸುವ ಗಣಕದಲ್ಲಿ ಕಡತಗಳನ್ನು ಒಂದು ಖಾಲಿ ಡೈರೆಕ್ಟರಿಯೊಳಗೆ ಜೋಡಿಸುವುದು ಒಂದು ಇನ್‌ಸ್ಟಾಲ್. ಬಳಕೆದಾರರ ಗಣಕದಲ್ಲಿ ಆ ಪ್ಯಾಕೇಜ್ ಬಿಚ್ಚಿಕೊಳ್ಳುವುದು ಇನ್ನೊಂದು. ಎರಡರ ನಡುವೆ ತಿಂಗಳುಗಳ ಅಂತರವಿರಬಹುದು, ಖಂಡಾಂತರದ ದೂರವಿರಬಹುದು. ಯಾವ ಆದೇಶವನ್ನು ಯಾವ ಹಂತದಲ್ಲಿ ಬರೆಯಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಬರೆದದ್ದು 1976ರಲ್ಲಿ. ಲಿನಕ್ಸ್ ವಿತರಣೆಗಳು ಬೇರೂರಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. 1993ರಲ್ಲಿ ಸ್ಲ್ಯಾಕ್‌ವೇರ್ ಹೊರಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಘೋಷಿಸಿದರು. ರೆಡ್ ಹ್ಯಾಟ್‌ನ ಆರ್‌ಪಿಎಂ 1995ರದು. ಹೀಗಾಗಿ ಪ್ಯಾಕೇಜ್ ಮಾಡುವವರ ಕೈಗೆ ಬಂದ ಹಳೆಯ ಮೇಕ್‌ಫೈಲ್‌ಗಳಲ್ಲಿ ಹಲವು, ಕಂಪೈಲ್ ಆದ ಗಣಕದಲ್ಲೇ ತಂತ್ರಾಂಶ ಓಡುತ್ತದೆ ಎಂದು ನಂಬಿಕೊಂಡೇ ಬರೆದವು. ಆ ನಂಬಿಕೆಯನ್ನು ಮುರಿಯದೆ ಪ್ಯಾಕೇಜ್ ಹುಟ್ಟುವುದಿಲ್ಲ.

ಮುರಿಯುವ ಉಪಾಯಕ್ಕೆ ಡೆಸ್ಟ್‌ಡಿರ್ ಎಂದು ಹೆಸರು. ಗ್ನೂ ಯೋಜನೆಯ ಕೋಡಿಂಗ್ ನಿಯಮಾವಳಿಯಲ್ಲೇ ಇದರ ವಿವರಣೆಯಿದೆ. ಪ್ಯಾಕೇಜಿಂಗ್ ಕಲಿಯುವವರು ಮೊದಲು ಕೈಯಾಡಿಸುವ ಗ್ನೂ ಹಲೋ ಎಂಬ ಪುಟ್ಟ ಪ್ರೋಗ್ರಾಮನ್ನೇ ತೆಗೆದುಕೊಳ್ಳಬಹುದು. ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್ ‘/ಯುಎಸ್‌ಆರ್’ ಎಂದು ಕೊಟ್ಟರೆ, ಅನುವಾದಿತ ಸಂದೇಶಗಳನ್ನು ಎಲ್ಲಿ ಹುಡುಕಬೇಕೆಂಬ ವಿಳಾಸ, ಅಂದರೆ ‘/ಯುಎಸ್‌ಆರ್/ಶೇರ್/ಲೊಕೇಲ್’, ಕಂಪೈಲ್ ಆಗುವಾಗಲೇ ಪ್ರೋಗ್ರಾಮಿನ ಒಳಗೆ ಅಚ್ಚಾಗಿಬಿಡುತ್ತದೆ. ಆಮೇಲೆ ಮೇಕ್ ಇನ್‌ಸ್ಟಾಲ್ ಹೇಳುವಾಗ ಡೆಸ್ಟ್‌ಡಿರ್ ‘/ಟಿಎಂಪಿ/ಕಟ್ಟು’ ಎಂದರೆ ಕಡತ ಹೋಗಿ ಕೂರುವುದು ‘/ಟಿಎಂಪಿ/ಕಟ್ಟು/ಯುಎಸ್‌ಆರ್/ಬಿನ್’ ಒಳಗೆ. ಪ್ರೋಗ್ರಾಮಿಗೆ ಮಾತ್ರ ಈ ತಾತ್ಕಾಲಿಕ ವಾಸದ ಸುಳಿವೇ ಇಲ್ಲ. ತನ್ನ ಮನೆ ‘/ಯುಎಸ್‌ಆರ್’ ಎಂದೇ ಅದು ತಿಳಿದಿರುತ್ತದೆ. ಪ್ರಿಫಿಕ್ಸ್ ಬಿಲ್ಡ್ ಹಂತದ ಮಾತು, ಡೆಸ್ಟ್‌ಡಿರ್ ಇನ್‌ಸ್ಟಾಲ್ ಹಂತದ ಮಾತು. ಸಿಮೇಕ್, ಮೆಸಾನ್‌ನಂಥ ಹೊಸ ಬಿಲ್ಡ್ ಸಾಧನಗಳೂ ಇದೇ ಹೆಸರಿನ ಪರಿಸರ ವೇರಿಯಬಲ್ಲನ್ನು ಗೌರವಿಸುತ್ತವೆ.

ಸೋರ್ಸ್ ಜೊತೆಗೆ ಬಂದ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ರೂಟ್ ಆಗಿ ನೇರವಾಗಿ ಓಡಿಸಿದರೆ ಏನಾಗಬಹುದು ಎಂಬುದಕ್ಕೆ 2011ರ ಬಂಬಲ್‌ಬೀ ಪ್ರಕರಣವನ್ನು ಇಂದಿಗೂ ನೆನೆಯುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಬಳಸಲು ನೆರವಾಗುವ ಈ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ, ‘/ಯುಎಸ್‌ಆರ್/ಲಿಬ್’ ಒಳಗಿನ ಒಂದು ಡೈರೆಕ್ಟರಿಯನ್ನು ಅಳಿಸುವ ಸಾಲಿತ್ತು. ‘ಯುಎಸ್‌ಆರ್’ ಆದ ಮೇಲೆ ಒಂದು ಸ್ಪೇಸ್ ನುಸುಳಿತ್ತು. ಒಂದು ವಿಳಾಸ ಎರಡಾಯಿತು. ಸ್ಕ್ರಿಪ್ಟ್ ಇಡೀ ‘/ಯುಎಸ್‌ಆರ್’ ಅನ್ನೇ ಅಳಿಸಿಹಾಕಿತು. ಸಾಮಾನ್ಯ ಬಳಕೆದಾರರ ಅಧಿಕಾರದಲ್ಲಿ, ಪ್ರತ್ಯೇಕ ಡೈರೆಕ್ಟರಿಯೊಳಗೆ ನಡೆಯುವ ಪ್ಯಾಕೇಜ್ ಬಿಲ್ಡ್‌ನಲ್ಲಾಗಿದ್ದರೆ ಈ ಸಾಲು ‘ಅನುಮತಿ ಇಲ್ಲ’ ಎಂದು ಬೈಸಿಕೊಂಡು ನಿಲ್ಲುತ್ತಿತ್ತು, ಅಷ್ಟೆ.

ಆರ್‌ಪಿಎಂ ಪ್ಯಾಕೇಜಿನ ವಿಧಿವಿಧಾನವೆಲ್ಲ ಸ್ಪೆಕ್ ಎಂಬ ಒಂದೇ ಕಡತದಲ್ಲಿರುತ್ತದೆ. ಸೋರ್ಸ್ ಬಿಚ್ಚಿ ಪ್ಯಾಚ್ ಹಾಕುವುದು %ಪ್ರೆಪ್‌ನಲ್ಲಿ, ಕಂಪೈಲ್ ಮಾಡುವುದು %ಬಿಲ್ಡ್‌ನಲ್ಲಿ, ಬಿಲ್ಡ್‌ರೂಟ್ ಎಂಬ ಡೈರೆಕ್ಟರಿಗೆ ಜೋಡಿಸುವುದು %ಇನ್‌ಸ್ಟಾಲ್‌ನಲ್ಲಿ, ಪರೀಕ್ಷೆ %ಚೆಕ್‌ನಲ್ಲಿ. ಜೋಡಿಸಿದ್ದರಲ್ಲಿ ಯಾವುದು ಯಾವ ಪ್ಯಾಕೇಜಿಗೆ ಎಂಬ ಪಟ್ಟಿ %ಫೈಲ್ಸ್‌ನಲ್ಲಿ. %ಇನ್‌ಸ್ಟಾಲ್ ಎಂಬ ಹೆಸರು ನೋಡಿ ಹೊಸಬರು ಮೋಸಹೋಗುತ್ತಾರೆ. ಅಲ್ಲಿ ಬರೆದ ಯಾವ ಆದೇಶವೂ ಬಳಕೆದಾರರ ಗಣಕದಲ್ಲಿ ಓಡುವುದಿಲ್ಲ. ಓಡುವುದು ಪ್ಯಾಕೇಜ್ ತಯಾರಾಗುವ ಯಂತ್ರದಲ್ಲಿ, ಒಂದೇ ಬಾರಿ. ಒಂದು ಸೇವೆಗೆ ಬೇಕಾದ ಬಳಕೆದಾರ ಖಾತೆಯನ್ನು %ಇನ್‌ಸ್ಟಾಲ್‌ನಲ್ಲಿ ಸೃಷ್ಟಿಸಲು ಹೊರಟರೆ ಬಿಲ್ಡ್ ಯಂತ್ರ ಒಪ್ಪುವುದಿಲ್ಲ. ಹೇಗೋ ಒಪ್ಪಿತೆಂದರೂ ಆ ಖಾತೆ ಇರಬೇಕಾದ ಕಡೆ ಇರುವುದಿಲ್ಲ.

ಆರ್‌ಪಿಎಂ ತಪ್ಪು ಹಿಡಿಯುವ ರೀತಿಯೂ ಗಮನಿಸುವಂಥದು. ಬಿಲ್ಡ್‌ರೂಟ್‌ನೊಳಗೆ ಬಂದು ಕೂತ ಕಡತ %ಫೈಲ್ಸ್ ಪಟ್ಟಿಯಲ್ಲಿ ಇಲ್ಲದಿದ್ದರೆ, ಇನ್‌ಸ್ಟಾಲ್ ಆಗಿಯೂ ಪ್ಯಾಕೇಜಿಗೆ ಸೇರದ ಕಡತವಿದೆ ಎಂದು ಹೆಸರು ಸಮೇತ ಹೇಳಿ ಬಿಲ್ಡ್ ನಿಲ್ಲಿಸುತ್ತದೆ. ಕಡತಗಳ ಒಳಗೇ ಬಿಲ್ಡ್‌ರೂಟ್‌ನ ವಿಳಾಸ ಉಳಿದುಹೋಗಿದ್ದರೆ ಇನ್ನೊಂದು ತಪಾಸಣೆ ಅದನ್ನು ಪತ್ತೆಹಚ್ಚುತ್ತದೆ. ಈ ಎರಡನೆಯ ದೋಷಕ್ಕೆ ಪ್ರಿಫಿಕ್ಸ್ ಮತ್ತು ಡೆಸ್ಟ್‌ಡಿರ್‌ಗಳನ್ನು ಅದಲುಬದಲು ಮಾಡಿದ್ದೇ ಅನೇಕ ಸಲ ಕಾರಣ. ಆರ್‌ಪಿಎಂನಲ್ಲಿ %ಮೇಕ್‌ಇನ್‌ಸ್ಟಾಲ್ ಎಂಬ ಹಳೆಯ ಮ್ಯಾಕ್ರೋ ಇದೆ. ನಡುವೆ ಒಂದು ಅಂಡರ್‌ಸ್ಕೋರ್ ಇರುವ ಹೊಸ ಮ್ಯಾಕ್ರೋ ಬೇರೆ ಇದೆ. ಹೊಸದು ಡೆಸ್ಟ್‌ಡಿರ್ ಕೊಟ್ಟು ಇನ್‌ಸ್ಟಾಲ್ ಮಾಡಿಸುತ್ತದೆ. ಹಳೆಯದು ಪ್ರಿಫಿಕ್ಸ್ ಮೊದಲಾದ ವಿಳಾಸಗಳನ್ನೇ ಬಿಲ್ಡ್‌ರೂಟ್‌ಗೆ ತಿರುಗಿಸುತ್ತದೆ. ಆಗ ಮೇಕ್‌ಫೈಲ್ ಯಾವುದಾದರೂ ಕಡತವನ್ನು ಇನ್‌ಸ್ಟಾಲ್ ಹೊತ್ತಿನಲ್ಲಿ ಮತ್ತೆ ಸೃಷ್ಟಿಸಿದರೆ, ನಾಳೆ ಇಲ್ಲದಾಗುವ ಡೈರೆಕ್ಟರಿಯ ವಿಳಾಸ ಅದರಲ್ಲಿ ಅಚ್ಚಾಗುತ್ತದೆ. ಫೆಡೋರಾದ ಪ್ಯಾಕೇಜಿಂಗ್ ನಿಯಮಗಳು ಹಳೆಯ ಮ್ಯಾಕ್ರೋವನ್ನು ಬಳಸಬೇಡಿ ಎನ್ನುತ್ತವೆ. ಒಂದು ಅಡಿಗೆರೆಯ ವ್ಯತ್ಯಾಸದಲ್ಲಿ ಇಷ್ಟೊಂದು ಅಂತರ ಬಚ್ಚಿಟ್ಟವರ ಮೇಲೆ ಸಿಟ್ಟು ಬಂದರೆ ತಪ್ಪೇನಿಲ್ಲ.

ಇನ್ನೂ ನಯವಾದ ತಪ್ಪೊಂದಿದೆ. ಹೆಚ್ಚಿನ ಮೇಕ್‌ಫೈಲ್‌ಗಳಲ್ಲಿ ‘ಇನ್‌ಸ್ಟಾಲ್’ ಗುರಿ ‘ಆಲ್’ ಗುರಿಯನ್ನು ಅವಲಂಬಿಸಿರುತ್ತದೆ. ಪ್ಯಾಕೇಜರ್ ಬಿಲ್ಡ್ ಹಂತವನ್ನು ಖಾಲಿ ಬಿಟ್ಟರೂ ಮೇಕ್ ಇನ್‌ಸ್ಟಾಲ್ ತಾನೇ ಎಲ್ಲವನ್ನೂ ಕಂಪೈಲ್ ಮಾಡಿ ಮುಗಿಸುತ್ತದೆ. ಪ್ಯಾಕೇಜ್ ಹುಟ್ಟುತ್ತದೆ, ಓಡುತ್ತದೆ ಕೂಡ. ಆದರೆ ಬಿಲ್ಡ್ ಹಂತದಲ್ಲಿ ಕೊಡಬೇಕಿದ್ದ ಆಯ್ಕೆಗಳು ಕೈಬಿಟ್ಟಿರುತ್ತವೆ, ಕಂಪೈಲರ್ ನಕಲಿ ರೂಟ್ ಅಧಿಕಾರದಡಿ ಓಡಿರಬಹುದು, ಇನ್‌ಸ್ಟಾಲ್‌ಗೆ ಮುಂಚೆ ನಡೆಯಬೇಕಿದ್ದ ಪರೀಕ್ಷೆಗೆ ಪರೀಕ್ಷಿಸಲು ಏನೂ ಸಿಕ್ಕಿರುವುದಿಲ್ಲ. ಕೆಲಸ ಕೆಡದೆ ಇದ್ದುದರಿಂದಲೇ ಇಂಥ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ನಕಲಿ ರೂಟ್ ಎಂದದ್ದು ಫೇಕ್‌ರೂಟ್ ಎಂಬ ಸಾಧನದ ವಿಷಯ. ಪ್ಯಾಕೇಜಿನೊಳಗಿನ ಕಡತಗಳ ಮಾಲೀಕ ರೂಟ್ ಎಂದು ದಾಖಲಾಗಬೇಕು. ಮಾಲೀಕತ್ವ ಬದಲಾಯಿಸಲು ಮಾತ್ರ ನಿಜವಾದ ರೂಟ್ ಅಧಿಕಾರ ಬೇಕು. ಫೇಕ್‌ರೂಟ್ ನಡುವೆ ಒಂದು ಲೈಬ್ರರಿಯನ್ನು ತೂರಿಸಿ, ಮಾಲೀಕತ್ವ ಬದಲಾಯಿತು ಎಂದು ಪ್ರೋಗ್ರಾಮುಗಳನ್ನು ನಂಬಿಸುತ್ತದೆ. ಡಿಸ್ಕ್ ಮೇಲೆ ಏನೂ ಬದಲಾಗಿರುವುದಿಲ್ಲ, ಪ್ಯಾಕೇಜಿನ ದಾಖಲೆಯಲ್ಲಿ ಬದಲಾಗಿರುತ್ತದೆ. ಆರ್ಚ್‌ನ ಮೇಕ್‌ಪಿಕೆಜಿ ಇದನ್ನು ಬಳಸುವ ರೀತಿ ಅಚ್ಚುಕಟ್ಟು: ಪಿಕೆಜಿಬಿಲ್ಡ್ ಕಡತದ ಪ್ರಿಪೇರ್, ಬಿಲ್ಡ್, ಚೆಕ್ ಎಂಬ ಫಂಕ್ಷನ್‌ಗಳು ಸಾಮಾನ್ಯ ಅಧಿಕಾರದಲ್ಲಿ ಓಡುತ್ತವೆ, ಪ್ಯಾಕೇಜ್ ಎಂಬ ಕೊನೆಯ ಫಂಕ್ಷನ್ ಮಾತ್ರ ಫೇಕ್‌ರೂಟ್ ಒಳಗೆ. ಮೇಕ್‌ಪಿಕೆಜಿಯನ್ನು ರೂಟ್ ಆಗಿ ಓಡಿಸಲು ಹೋದರೆ ಅದು ನಿರಾಕರಿಸುತ್ತದೆ. ಆರ್ಚ್‌ನಲ್ಲೂ ಹಿಂದೆ ಬಿಲ್ಡ್ ಫಂಕ್ಷನ್ ಒಂದೇ ಎಲ್ಲವನ್ನೂ ಮಾಡುತ್ತಿತ್ತು, ಬೇರ್ಪಡಿಸಿದ್ದು ಆಮೇಲೆ.

ಡೆಬಿಯನ್‌ನ ದಾರಿ ಬೇರೆ. ಅಲ್ಲಿ ‘ಡೆಬಿಯನ್/ರೂಲ್ಸ್’ ಎಂಬ ಕಡತವೇ ಒಂದು ಮೇಕ್‌ಫೈಲ್. ಕ್ಲೀನ್, ಬಿಲ್ಡ್, ಬೈನರಿ ಎಂಬ ಗುರಿಗಳು ಅದರಲ್ಲಿರಲೇಬೇಕು. ರೂಟ್ ಅಧಿಕಾರ ಬೇಡುವ ಯಾವುದನ್ನೂ ಬಿಲ್ಡ್ ಗುರಿ ಮಾಡಕೂಡದು ಎಂದು ಡೆಬಿಯನ್ ನೀತಿ ಹೇಳುತ್ತದೆ. ಕಡತಗಳನ್ನು ಜೋಡಿಸಿ ಪ್ಯಾಕೇಜ್ ಮಾಡುವ ಕೆಲಸ ಬೈನರಿ ಗುರಿಯದು. ಹಿಂದೆ ಈ ಕಡತದಲ್ಲಿ ಹತ್ತಾರು ಸಾಲುಗಳಿರುತ್ತಿದ್ದವು. 1997ರಲ್ಲಿ ಜೋಯಿ ಹೆಸ್ ಡೆಬ್‌ಹೆಲ್ಪರ್ ಬರೆದರು. ಅದರ ಏಳನೆಯ ಆವೃತ್ತಿಯಲ್ಲಿ, 2008ರಲ್ಲಿ, ಡಿಎಚ್ ಎಂಬ ಆದೇಶ ಬಂತು. ಅಲ್ಲಿಂದೀಚೆಗೆ ಸಾಧಾರಣ ಪ್ಯಾಕೇಜಿನ ರೂಲ್ಸ್ ಕಡತ ಮೂರು ಸಾಲಿಗೆ ಇಳಿಯಿತು. ಸೋರ್ಸ್ ಆಟೋಟೂಲ್ಸ್‌ನದೋ ಸಿಮೇಕ್‌ನದೋ ಎಂದು ಡಿಎಚ್ ತಾನೇ ಗುರುತಿಸಿ, ಕಾನ್ಫಿಗರ್, ಬಿಲ್ಡ್, ಟೆಸ್ಟ್, ಇನ್‌ಸ್ಟಾಲ್‌ಗಳನ್ನು ಸಾಲಾಗಿ ನಡೆಸುತ್ತದೆ.

ಡೆಬಿಯನ್ ಪ್ಯಾಕೇಜರ್‌ಗಳಿಗೆ ಪ್ರಶ್ನೆ ಏಳುವುದು ಈ ಸಾಲಿನಲ್ಲಿ ಏನನ್ನಾದರೂ ಸೇರಿಸಬೇಕಾದಾಗ. ಒಂದು ಮ್ಯಾನ್ ಪುಟವನ್ನು ಬೇರೆ ರೂಪದಿಂದ ಪರಿವರ್ತಿಸಬೇಕು ಎನ್ನೋಣ. ಪರಿವರ್ತನೆ ಎಂದರೆ ಹೊಸ ಕಡತದ ತಯಾರಿ. ಹಾಗಾಗಿ ಅದರ ಜಾಗ ಬಿಲ್ಡ್ ಹಂತದ ನಂತರದ ಕೊಂಡಿ. ಸಿದ್ಧ ಪುಟವನ್ನು ಅದರ ಸ್ಥಾನಕ್ಕೆ ಒಯ್ಯುವುದಕ್ಕೆ ಆದೇಶವನ್ನೇ ಬರೆಯಬೇಕಿಲ್ಲ; ‘ಮ್ಯಾನ್‌ಪೇಜಸ್’ ಎಂಬ ಕಡತದಲ್ಲಿ ಹೆಸರು ಬರೆದರೆ ಸಾಕು. ಹೊಸಬರು ಹೆಚ್ಚಾಗಿ ಮಾಡುವುದು ಮೂಲ ಹಂತವನ್ನೇ ಓವರ್‌ರೈಡ್ ಮಾಡಿ, ಒಳಗೆ ಡಿಎಚ್‌ನ ಮೂಲ ಆದೇಶವನ್ನು ಕರೆಯಲು ಮರೆಯುವುದು. ಆಗ ಬಿಲ್ಡ್ ಹಂತದಲ್ಲಿ ಮ್ಯಾನ್ ಪುಟ ಮಾತ್ರ ತಯಾರಾಗಿ, ಪ್ರೋಗ್ರಾಮ್ ಮೇಲೆ ಹೇಳಿದಂತೆ ಇನ್‌ಸ್ಟಾಲ್ ಹೊತ್ತಿನಲ್ಲಿ ಗುಟ್ಟಾಗಿ ಕಂಪೈಲ್ ಆಗುತ್ತದೆ. ಒಂದೇ ಸೋರ್ಸ್‌ನಿಂದ ಹಲವು ಪ್ಯಾಕೇಜ್ ಹೊರಡುವಾಗ ಎಲ್ಲವೂ ಮೊದಲು ‘ಡೆಬಿಯನ್/ಟಿಎಂಪಿ’ಗೆ ಇಳಿಯುತ್ತವೆ, ಅಲ್ಲಿಂದ ಯಾವುದು ಯಾರ ಪಾಲಿಗೆ ಎಂದು ಪ್ರತಿ ಪ್ಯಾಕೇಜಿನ ಹೆಸರಿನ ‘.ಇನ್‌ಸ್ಟಾಲ್’ ಕಡತ ಹೇಳುತ್ತದೆ.

ಜೆಂಟೂ ಎಂಬ ವಿತರಣೆಯಲ್ಲಿ ವಿಚಿತ್ರವೆಂದರೆ ಬಿಲ್ಡ್ ನಡೆಯುವುದೇ ಬಳಕೆದಾರರ ಗಣಕದಲ್ಲಿ. ಹಾಗಿದ್ದೂ ಎರಡು ಇನ್‌ಸ್ಟಾಲ್‌ಗಳನ್ನು ಅದು ಬೆರೆಸಿಲ್ಲ. ಇಬಿಲ್ಡ್ ಕಡತದಲ್ಲಿ ‘ಎಸ್‌ಆರ್‌ಸಿ’ ಎಂದು ಶುರುವಾಗುವ ಫಂಕ್ಷನ್‌ಗಳು ಸೋರ್ಸ್ ಮತ್ತು ಒಂದು ಪ್ರತ್ಯೇಕ ಡೈರೆಕ್ಟರಿಯನ್ನಷ್ಟೇ ಮುಟ್ಟಬಹುದು. ಮೀರಿದರೆ ಸ್ಯಾಂಡ್‌ಬಾಕ್ಸ್ ತಡೆಯುತ್ತದೆ. ‘ಪಿಕೆಜಿ’ ಎಂದು ಶುರುವಾಗುವವು ನಿಜವಾದ ಗಣಕವನ್ನು ಮುಟ್ಟುವವು. ಅದೇ ಪ್ಯಾಕೇಜನ್ನು ಸಿದ್ಧ ಬೈನರಿಯಾಗಿ ಹಾಕಿಕೊಂಡರೆ ಮೊದಲ ಗುಂಪು ಓಡುವುದೇ ಇಲ್ಲ. 2008ರ ಇಎಪಿಐ 2 ನಿಯಮಾವಳಿ ಪ್ಯಾಚ್ ಹಾಕುವುದಕ್ಕೂ ಕಾನ್ಫಿಗರ್ ಮಾಡುವುದಕ್ಕೂ ಬೇರೆ ಬೇರೆ ಫಂಕ್ಷನ್ ಕೊಟ್ಟಿತು. ಆರ್‌ಪಿಎಂನಲ್ಲಿ ಕಾನ್ಫಿಗರ್‌ಗೆ ಸ್ವಂತ ವಿಭಾಗ ಸಿಗಲು 2022ರ 4.18ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಅಲ್ಲಿಯ ತನಕ ಅದು %ಬಿಲ್ಡ್‌ನ ಮೂಲೆಯಲ್ಲೇ ಬಾಡಿಗೆಗಿತ್ತು.

ಪರೀಕ್ಷೆ ಎಲ್ಲಿ ನಡೆಯಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಡೆಬಿಯನ್, ಆರ್ಚ್, ಜೆಂಟೂಗಳಲ್ಲಿ ಇನ್‌ಸ್ಟಾಲ್‌ಗೆ ಮುಂಚೆ. ಆರ್‌ಪಿಎಂನಲ್ಲಿ %ಇನ್‌ಸ್ಟಾಲ್ ಆದ ಮೇಲೆ. ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್ ಎರಡಕ್ಕೂ ಜಾಗ ಮಾಡಿಕೊಟ್ಟಿದೆ. ಜೋಡಣೆಯೇ ತಪ್ಪಾಗಿ, ಕಡತವೊಂದು ಬಿಟ್ಟುಹೋಗಿದ್ದರೆ ಮೊದಲೇ ನಡೆದ ಪರೀಕ್ಷೆಗೆ ಅದು ತಿಳಿಯದು. ಈ ಒಂದು ವಿಷಯದಲ್ಲಿ ಆರ್‌ಪಿಎಂನ ಕ್ರಮವೇ ಹೆಚ್ಚು ಉಪಯುಕ್ತ.

ಇಂಟರ್‌ನೆಟ್‌ನಿಂದ ಏನನ್ನಾದರೂ ಇಳಿಸಿಕೊಳ್ಳುವ ಆದೇಶಗಳದು ದೊಡ್ಡ ತಲೆನೋವು. ಡೆಬಿಯನ್‌ನ ಮುಖ್ಯ ಭಂಡಾರದ ಪ್ಯಾಕೇಜ್‌ಗಳು ಬಿಲ್ಡ್ ಹೊತ್ತಿನಲ್ಲಿ ಹೊರಗಿನ ಜಾಲವನ್ನು ಮುಟ್ಟುವಂತಿಲ್ಲ. ರಸ್ಟ್, ಗೋ, ನೋಡ್‌ಗಳ ಸಾಧನಗಳಿಗೋ ಕೇಳಿದ ತಕ್ಷಣ ಜಾಲಕ್ಕೆ ಕೈ ಹಾಕುವ ರೂಢಿ. ಎನ್‌ಪಿಎಂನ ‘ಇನ್‌ಸ್ಟಾಲ್’ ಆದೇಶವಂತೂ ಪ್ರಾಜೆಕ್ಟ್ ಒಂದರೊಳಗೆ ನಿಂತು ಹೇಳಿದರೆ ತಂತ್ರಾಂಶವನ್ನು ಸ್ಥಾಪಿಸುವುದೇ ಇಲ್ಲ. ಅದಕ್ಕೆ ಬೇಕಾದ ಲೈಬ್ರರಿಗಳನ್ನು ತರುತ್ತದೆ. ಪ್ಯಾಕೇಜರ್ ಲೆಕ್ಕದಲ್ಲಿ ಅದು ಬಿಲ್ಡ್‌ಗೂ ಮುಂಚಿನ ಕೆಲಸ. ರಸ್ಟ್ ಬಗ್ಗೆ ಆರ್ಚ್ ಕೊಡುವ ಮಾರ್ಗದರ್ಶನ ಸ್ಪಷ್ಟವಾಗಿದೆ: ಕಾರ್ಗೋ ಫೆಚ್ ಪ್ರಿಪೇರ್ ಫಂಕ್ಷನ್‌ನಲ್ಲಿ, ಬಿಲ್ಡ್‌ನಲ್ಲಿ ‘ಫ್ರೋಜನ್’ ಆಯ್ಕೆ ಕೊಟ್ಟು ಜಾಲದ ಬಾಗಿಲು ಮುಚ್ಚಿ ಕಂಪೈಲ್, ಪ್ಯಾಕೇಜ್ ಫಂಕ್ಷನ್‌ನಲ್ಲಿ ತಯಾರಾದ ಕಡತದ ನಕಲು. ಪೈಥಾನ್‌ನಲ್ಲಿ ಪಿಇಪಿ 517 ಬಂದ ಮೇಲೆ ಗೆರೆ ತಾನಾಗಿಯೇ ಎದ್ದುಕಂಡಿತು. ವ್ಹೀಲ್ ಕಡತ ಕಟ್ಟುವುದು ಬಿಲ್ಡ್, ಅದನ್ನು ಬಿಚ್ಚಿ ಜೋಡಿಸುವುದು ಇನ್‌ಸ್ಟಾಲ್. ಡೆಬಿಯನ್ 12ರಲ್ಲಿ ಸುಡೊ ಹಾಕಿ ಪಿಪ್ ಇನ್‌ಸ್ಟಾಲ್ ಹೊಡೆದವರಿಗೆ ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ ಎಂಬ ದೋಷ ಸಂದೇಶ ಎದುರಾಗುವುದೂ ಪ್ಯಾಕೇಜ್ ಮ್ಯಾನೇಜರ್ ಇಟ್ಟ ಕಡತಗಳನ್ನು ಪಿಪ್ ಕೆಡಿಸದಿರಲಿ ಎಂದೇ.

ಇನ್ನು ಬಳಕೆದಾರರ ಗಣಕದಲ್ಲೇ ನಡೆಯಬೇಕಾದ ಕೆಲಸಗಳು. ಡೆಬಿಯನ್‌ನಲ್ಲಿ ಇವಕ್ಕೆ ಪ್ರಿಇನ್‌ಸ್ಟ್, ಪೋಸ್ಟ್‌ಇನ್‌ಸ್ಟ್, ಪ್ರಿಆರ್‌ಎಂ, ಪೋಸ್ಟ್‌ಆರ್‌ಎಂ ಎಂಬ ನಾಲ್ಕು ಸ್ಕ್ರಿಪ್ಟ್‌ಗಳು. ಆರ್‌ಪಿಎಂನಲ್ಲಿ %ಪ್ರಿ, %ಪೋಸ್ಟ್, %ಪ್ರಿಅನ್, %ಪೋಸ್ಟ್‌ಅನ್. ಇವು ಓಡುವುದು ನಿಜವಾದ ರೂಟ್ ಅಧಿಕಾರದಲ್ಲಿ, ಪ್ಯಾಕೇಜರ್ ಎಂದೂ ಕಾಣದ ಗಣಕಗಳಲ್ಲಿ. ಅರ್ಧಕ್ಕೆ ನಿಂತರೂ ಮತ್ತೆ ಓಡಿಸಿದಾಗ ಕೆಡದಂತೆ ಬರೆಯಬೇಕು ಎಂದು ಡೆಬಿಯನ್ ನೀತಿ ಅಪೇಕ್ಷಿಸುವುದು ಇದಕ್ಕೇ. ಆರ್‌ಪಿಎಂನಲ್ಲಿ ಇನ್ನೊಂದು ಗುಂಡಿಯಿದೆ. ಅಪ್‌ಗ್ರೇಡ್ ಆಗುವಾಗ ಮೊದಲು ಹೊಸ ಆವೃತ್ತಿಯ %ಪೋಸ್ಟ್ ಓಡುತ್ತದೆ; ಹಳೆಯ ಆವೃತ್ತಿಯ %ಪೋಸ್ಟ್‌ಅನ್ ಓಡುವುದು ಅದರ ನಂತರ. ಆ ಪ್ಯಾಕೇಜಿನ ಎಷ್ಟು ಆವೃತ್ತಿಗಳು ಗಣಕದಲ್ಲಿ ಉಳಿಯಲಿವೆ ಎಂಬ ಸಂಖ್ಯೆಯನ್ನು ಆರ್‌ಪಿಎಂ ಸ್ಕ್ರಿಪ್ಟಿಗೆ ಮೊದಲ ಆರ್ಗ್ಯುಮೆಂಟ್ ಆಗಿ ಕೊಡುತ್ತದೆ. ಅದು ಸೊನ್ನೆಯೇ ಎಂದು ನೋಡದೆ %ಪೋಸ್ಟ್‌ಅನ್‌ನಲ್ಲಿ ಡೇಟಾ ಡೈರೆಕ್ಟರಿ ಅಳಿಸುವ ಸಾಲು ಬರೆದರೆ, ಹೊಸ ಆವೃತ್ತಿ ಹಾಕಿಕೊಂಡವರೆಲ್ಲರ ಡೇಟಾ ಅಪ್‌ಗ್ರೇಡ್ ಮುಗಿಯುವಷ್ಟರಲ್ಲಿ ಹೋಗಿರುತ್ತದೆ.

ಮೂರೂ ಹಂತಗಳನ್ನು ಒಟ್ಟಿಗೆ ನೋಡಲು ಕನ್ನಡದ ಫಾಂಟ್‌ಗಳು ಒಳ್ಳೆಯ ಉದಾಹರಣೆ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್‌ಗಳ ಪ್ಯಾಕೇಜ್‌ಗಳಿವೆ. ಲೋಹಿತ್ ಫೆಡೋರಾದಲ್ಲೂ ಇದೆ. ಲೋಹಿತ್ ಕನ್ನಡದ ಸೋರ್ಸ್ ಎಂದರೆ ಫಾಂಟ್‌ಫೋರ್ಜ್ ತಂತ್ರಾಂಶದ ಎಸ್‌ಎಫ್‌ಡಿ ಕಡತ. ಕಾಗುಣಿತ, ಒತ್ತಕ್ಷರಗಳು ಒಂದರೊಡನೊಂದು ಕೂಡುವ ನಿಯಮಗಳೂ ಸೋರ್ಸ್‌ನಲ್ಲೇ ಇರುತ್ತವೆ. ಅದರಿಂದ ಟಿಟಿಎಫ್ ಕಡತ ತಯಾರಿಸುವುದು ಬಿಲ್ಡ್. ಟಿಟಿಎಫ್ ಅನ್ನು ಡೆಸ್ಟ್‌ಡಿರ್ ಒಳಗಿನ ‘/ಯುಎಸ್‌ಆರ್/ಶೇರ್/ಫಾಂಟ್ಸ್’ ಅಡಿಯಲ್ಲಿ ಇಡುವುದು ಇನ್‌ಸ್ಟಾಲ್. ಹೊಸ ಫಾಂಟ್ ಬಂದಿದೆ ಎಂದು ಗಣಕಕ್ಕೆ ತಿಳಿಸುವ ಎಫ್‌ಸಿ-ಕ್ಯಾಶ್ ಆದೇಶವನ್ನು ಈ ಎರಡರಲ್ಲಿ ಎಲ್ಲಿಟ್ಟರೂ ವ್ಯರ್ಥ. ಪಟ್ಟಿ ನವೀಕರಣವಾಗುವುದು ಬಿಲ್ಡ್ ಯಂತ್ರದಲ್ಲಿ, ಬೆಂಗಳೂರಿನಲ್ಲೋ ಬೀದರಿನಲ್ಲೋ ಕನ್ನಡ ಟೈಪ್ ಮಾಡಲು ಕಾದು ಕೂತವರ ಗಣಕದಲ್ಲಲ್ಲ.

ಹಾಗೆಂದು ಪ್ರತಿ ಫಾಂಟ್ ಪ್ಯಾಕೇಜೂ ತನ್ನ ಪೋಸ್ಟ್ ಸ್ಕ್ರಿಪ್ಟಿನಲ್ಲಿ ಆ ಆದೇಶ ಬರೆದರೆ, ಇಪ್ಪತ್ತು ಫಾಂಟ್ ಒಟ್ಟಿಗೆ ಹಾಕಿದಾಗ ಅದೇ ಪಟ್ಟಿ ಇಪ್ಪತ್ತು ಸಲ ಪರಿಷ್ಕರಣೆಯಾಗುತ್ತದೆ. ಪರಿಹಾರವಾಗಿ ಬಂದದ್ದು ಟ್ರಿಗರ್. ಡೆಬಿಯನ್‌ನಲ್ಲಿ ಫಾಂಟ್‌ಕಾನ್ಫಿಗ್ ಪ್ಯಾಕೇಜ್ ಫಾಂಟ್ ಡೈರೆಕ್ಟರಿಯ ಮೇಲೆ ಕಣ್ಣಿಟ್ಟಿರುತ್ತದೆ. ಅಲ್ಲಿ ಯಾರೇ ಏನೇ ಇಟ್ಟರೂ ತೆಗೆದರೂ ಎಲ್ಲ ಮುಗಿದ ಮೇಲೆ ಪಟ್ಟಿಯನ್ನು ತಾನೇ ಪರಿಷ್ಕರಿಸುತ್ತದೆ. ಫಾಂಟ್ ಪ್ಯಾಕೇಜಿನಲ್ಲಿ ಅದಕ್ಕಾಗಿ ಒಂದು ಸಾಲೂ ಬೇಕಿಲ್ಲ. ಆರ್ಚ್‌ನ ಪ್ಯಾಕ್‌ಮನ್‌ಗೆ ಇಂಥ ಹುಕ್‌ಗಳು 2016ರ 5.0 ಆವೃತ್ತಿಯಲ್ಲಿ ಬಂದವು. ಆರ್‌ಪಿಎಂಗೂ ಫೈಲ್ ಟ್ರಿಗರ್‌ಗಳು ಅದೇ ವರ್ಷ, 4.13ರಲ್ಲಿ. ಲೈಬ್ರರಿಗಳ ಪಟ್ಟಿ ನವೀಕರಿಸುವ ಎಲ್‌ಡಿಕಾನ್ಫಿಗ್ ಸಾಲು ಫೆಡೋರಾದ ಸ್ಪೆಕ್ ಕಡತಗಳಿಂದ ಮರೆಯಾದದ್ದು ಇದರಿಂದ. ಬಳಕೆದಾರ ಖಾತೆ ಸೃಷ್ಟಿಯನ್ನೂ ಆರ್‌ಪಿಎಂ 4.19 ತಾನೇ ವಹಿಸಿಕೊಂಡಿತು. ಪ್ಯಾಕೇಜ್ ಒಂದು ಪುಟ್ಟ ಸಿಸ್‌ಯೂಸರ್ಸ್ ಕಡತ ಇಟ್ಟರೆ ಸಾಕು.

ಸ್ಕ್ರಿಪ್ಟ್‌ಗಳೇ ಬೇಡವೆಂದವರೂ ಇದ್ದಾರೆ. ಎಲ್ಕೊ ಡೋಲ್‌ಸ್ಟ್ರಾ 2006ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ವಿಷಯವಾಗಿದ್ದ ನಿಕ್ಸ್‌ನಲ್ಲಿ, ಬಿಲ್ಡ್ ಮತ್ತು ಇನ್‌ಸ್ಟಾಲ್ ಹಂತಗಳೆರಡೂ ಮುಚ್ಚಿದ ಸ್ಯಾಂಡ್‌ಬಾಕ್ಸಿನಲ್ಲಿ ನಡೆಯುತ್ತವೆ. ಬಳಕೆದಾರರ ಗಣಕದಲ್ಲಿ ಪ್ಯಾಕೇಜಿನ ಯಾವ ಸ್ಕ್ರಿಪ್ಟೂ ಓಡುವುದಿಲ್ಲ. ಫ್ಲ್ಯಾಟ್‌ಪ್ಯಾಕ್‌ನ ಮ್ಯಾನಿಫೆಸ್ಟ್‌ನಲ್ಲಿ ‘ಪೋಸ್ಟ್-ಇನ್‌ಸ್ಟಾಲ್’ ಎಂಬ ಭಾಗವಿದೆಯಾದರೂ ಅದು ಓಡುವುದು ಬಿಲ್ಡ್ ಯಂತ್ರದಲ್ಲೇ. ಡೆಬಿಯನ್‌ನಿಂದ ಬಂದವರು ಇಲ್ಲಿ ಒಮ್ಮೆ ಎಡವದೆ ಮುಂದೆ ಹೋಗುವುದು ಕಷ್ಟ.

ಹಂತಗಳು ಸರಿಯಾದ ಜಾಗದಲ್ಲಿದ್ದ ಮಾತ್ರಕ್ಕೆ ಪ್ಯಾಕೇಜ್ ಸುರಕ್ಷಿತ ಎನ್ನುವಂತಿಲ್ಲ ಎಂದು ತೋರಿಸಿಕೊಟ್ಟದ್ದು 2024ರ ಮಾರ್ಚ್ 29ರಂದು ಬಯಲಾದ, ಎಕ್ಸ್‌ಝಡ್ ಎಂಬ ಕಂಪ್ರೆಶನ್ ತಂತ್ರಾಂಶದೊಳಗಿನ ಹಿಂಬಾಗಿಲು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಬೆನ್ನುಹತ್ತಿದ ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಕಂಡುಹಿಡಿದರು. 5.6.0 ಮತ್ತು 5.6.1 ಆವೃತ್ತಿಗಳ ಬಿಡುಗಡೆ ಕಟ್ಟಿನಲ್ಲಿ, ಗಿಟ್ ಭಂಡಾರದಲ್ಲಿ ಇಲ್ಲದ ಒಂದು ಎಂ4 ಕಡತವಿತ್ತು. ಕಾನ್ಫಿಗರ್ ಹಂತದಲ್ಲಿ ಅದು ಎಚ್ಚರಗೊಂಡು, ಪರೀಕ್ಷೆಯ ಮಾದರಿ ಕಡತಗಳಲ್ಲಿ ಹುದುಗಿಸಿದ್ದ ದುಷ್ಟ ಕೋಡನ್ನು ಹೊರತೆಗೆಯುತ್ತಿತ್ತು. ಅದಕ್ಕೂ ಮುಂಚೆ ಸುತ್ತ ಕಣ್ಣಾಡಿಸುತ್ತಿತ್ತು: ಡೆಬಿಯನ್/ರೂಲ್ಸ್ ಕಡತ ಇದೆಯೇ, ಅಥವಾ ಆರ್‌ಪಿಎಂ ಬಿಲ್ಡ್‌ನ ಪರಿಸರ ವೇರಿಯಬಲ್ ಕಾಣುತ್ತಿದೆಯೇ? ಎರಡೂ ಇಲ್ಲದಿದ್ದರೆ ತೆಪ್ಪಗಿರುತ್ತಿತ್ತು. ಮನೆಯಲ್ಲಿ ಕೈಯಾರೆ ಮೇಕ್ ಹೊಡೆದು ಪರೀಕ್ಷಿಸಿದವರಿಗೆ ಏನೂ ಸಿಗದಿರಲಿ, ವಿತರಣೆಗಳ ಪ್ಯಾಕೇಜಿಗೆ ಮಾತ್ರ ವಿಷ ಸೇರಲಿ ಎಂಬ ಲೆಕ್ಕಾಚಾರ ಅದು.

ಪ್ಯಾಕೇಜರ್ ಕೈಯಿಂದ ಬರೆಯುವ ಸಾಲುಗಳು ಕಡಿಮೆಯಾಗುತ್ತಲೇ ಇವೆ. 2024ರ ಆರ್‌ಪಿಎಂ 4.20ರಲ್ಲಿ ಬಿಲ್ಡ್‌ಸಿಸ್ಟಮ್ ಎಂಬ ಹೊಸ ಟ್ಯಾಗ್ ಬಂದಿದೆ. ‘ಆಟೋಟೂಲ್ಸ್’ ಎಂದು ಅದರ ಮುಂದೆ ಬರೆದರೆ ಕಾನ್ಫಿಗರ್, ಬಿಲ್ಡ್, ಇನ್‌ಸ್ಟಾಲ್ ವಿಭಾಗಗಳನ್ನು ಆರ್‌ಪಿಎಂ ತಾನೇ ತುಂಬಿಕೊಳ್ಳುತ್ತದೆ. ಒಂದು ಹೆಚ್ಚುವರಿ ಸಾಲು ಬೇಕಾದರೆ ಅದನ್ನು ಆಯಾ ವಿಭಾಗದ ತಲೆಗೋ ಬುಡಕ್ಕೋ ಸೇರಿಸಲು ಬರುತ್ತದೆ. ಆ ಸಾಲು ಬಿಲ್ಡ್‌ಗೋ ಇನ್‌ಸ್ಟಾಲ್‌ಗೋ ಎಂಬ ತೀರ್ಮಾನ ಮಾತ್ರ ಇವತ್ತಿಗೂ ಪ್ಯಾಕೇಜರ್‌ನದೇ.